ಪರ್ಸಿ ಕಲ್ಲಿನಲ್ಲಿ ಕಡಲು: ಶಹಾಬಾದ್–ವಾಡಿಗೆ ಒಂದು ದಿನದ ಶಾಲಾ ಪ್ರವಾಸ

ಸಮುದ್ರದ ಬಗ್ಗೆ ಪ್ರಾಜೆಕ್ಟ್ ಎಂದ ಕೂಡಲೇ ನಮ್ಮ ಕಲಬುರಗಿ ಕಡೆಯ ಶಾಲೆಗಳು ಕಾರವಾರಕ್ಕೋ ಗೋಕರ್ಣಕ್ಕೋ ಬಸ್ ಮಾತಾಡುತ್ತವೆ. ಮೂರು ದಿನದ ಪ್ರವಾಸದಲ್ಲಿ ಎರಡು ದಿನ ಬಸ್ಸಿನಲ್ಲೇ ಕಳೆಯುತ್ತದೆ. ಹುಡುಗರು ಅಲೆಯಲ್ಲಿ ಕಾಲು ತೊಯಿಸಿಕೊಂಡು, ಚೀಲದ ತುಂಬ ಕಪ್ಪೆಚಿಪ್ಪು ತಂದು, ಚಾರ್ಟಿಗೆ ಅಂಟಿಸಿ ಮುಗಿಸುತ್ತಾರೆ. ಹೋಗಬೇಡಿ ಎಂದಲ್ಲ. ಅದಕ್ಕೆ ಮೊದಲು ಒಂದು ದಿನ ಶಹಾಬಾದ್, ವಾಡಿ ಕಡೆ ಹೋಗಿಬನ್ನಿ. ಕಲಬುರಗಿಯ ಮನೆ, ಗುಡಿ, ಶಾಲೆಗಳಿಗೆ ಹಾಸಿರುವ ಪರ್ಸಿ, ಅಂದರೆ ಬೂದು ಹಾಸುಗಲ್ಲು, ಹಳೆಯದೊಂದು ಕಡಲಿನ ತಳದ ಕೆಸರು. ಅದನ್ನು ಓದಲು ಕಲಿತವರಿಗೆ ಕಾರವಾರದಲ್ಲಿ ಏನು ನೋಡಬೇಕೆಂಬುದೂ ತಿಳಿಯುತ್ತದೆ.

ಭೂವಿಜ್ಞಾನಿಗಳು ಇದನ್ನು ಭೀಮಾ ಜಲಾನಯನದ ಸುಣ್ಣಕಲ್ಲು ಎನ್ನುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲೂ ಪಕ್ಕದ ತೆಲಂಗಾಣದಲ್ಲೂ ಇದು ಹರಡಿದೆ. ಕೆಳಗೆ ಮರಳುಗಲ್ಲು ಮತ್ತು ಶೇಲ್ (ಜೇಡಿ ಗಟ್ಟಿಯಾದ ಪದರಗಲ್ಲು), ಅದರ ಮೇಲೆ ಸುಣ್ಣಕಲ್ಲು. ದಡದ ಮರಳು, ನಂತರ ಜೇಡಿ, ನಂತರ ತಿಳಿನೀರಿನ ಸುಣ್ಣದ ಕೆಸರು: ನೀರು ನೆಲದ ಮೇಲೆ ಏರಿಬಂದ ಕ್ರಮ ಅದು. ನಿಖರ ವಯಸ್ಸಿನ ಬಗ್ಗೆ ಇನ್ನೂ ವಾದವಿದೆ, ಆದರೆ 54 ಕೋಟಿ ವರ್ಷಗಳಿಗಿಂತ ಹಳೆಯದೆಂಬುದನ್ನು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಕಲಬುರಗಿ ನಗರದ ಕೆಳಗಿರುವ ಕರಿಕಲ್ಲು ಬೇರೆಯೇ. ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಹೀಗಾಗಿ ನಗರದಿಂದ ಶಹಾಬಾದ್‌ಗೆ ಹೋಗುವ ಮುಕ್ಕಾಲು ಗಂಟೆಯ ದಾರಿಯಲ್ಲಿ ಬಸ್ಸು ಲಾವಾದಿಂದ ಕಡಲತಳಕ್ಕೆ ಇಳಿಯುತ್ತದೆ. ಎರೆಮಣ್ಣಿನ ಹೊಲಗಳ ನಡುವೆ ಪದರಪದರದ ಬೂದುಗಲ್ಲು ಕಾಣತೊಡಗಿದ ಕಡೆ ಹುಡುಗರಿಗೆ ಸಮಯ ಬರೆದುಕೊಳ್ಳಲು ಹೇಳಿ.

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಹೋಗುವುದು ಒಳ್ಳೆಯದು. ಜೂನ್ 8 ವಿಶ್ವ ಸಾಗರ ದಿನ ಎಂದು ಮಳೆಗಾಲದಲ್ಲಿ ಹೊರಟರೆ ಎರೆಮಣ್ಣಿನಲ್ಲಿ ಬಸ್ಸಿನ ಗಾಲಿ ಹೂತುಹೋಗುತ್ತದೆ, ಗಣಿಗಳಲ್ಲಿ ನೀರು ನಿಂತಿರುತ್ತದೆ. ಮಾರ್ಚ್ ಬಂದರೆ ಪರ್ಸಿ ಕಾದ ಹೆಂಚಾಗುತ್ತದೆ. ಸೊಲ್ಲಾಪುರ–ವಾಡಿ ಮಾರ್ಗದಲ್ಲಿ ಎರಡೂ ಊರುಗಳಿಗೆ ರೈಲು ನಿಲ್ದಾಣಗಳಿವೆ. ಐದಾರು ಮಂದಿಗೆ ರೈಲು ಸಾಕು. ನಲವತ್ತು ಹುಡುಗರಿದ್ದರೆ ಬಸ್ಸೇ ಬೇಕು, ಕಲ್ಲು ಕೊಯ್ದು ನಯಮಾಡುವ ಪಾಲಿಶ್ ಅಂಗಳ, ಗಣಿ, ಹೊಳೆ ಒಂದೊಂದು ಒಂದೊಂದು ದಿಕ್ಕಿನಲ್ಲಿವೆ. ಒಂದು ವಾರ ಮೊದಲೇ ಶಾಲೆಯ ಪತ್ರ ತೋರಿಸಿ ಪಾಲಿಶ್ ಅಂಗಳದ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಸಿಮೆಂಟ್ ಗಣಿಗಳಲ್ಲಿ ಸಿಡಿಮದ್ದು ಹಾರಿಸುತ್ತಾರೆ, ಅಲ್ಲಿ ಒಳಗೆ ಬಿಡುವುದಿಲ್ಲ ಎಂದುಕೊಂಡೇ ಯೋಜನೆ ಹಾಕಿ.

ಐವರಿಗೊಂದು ಗುಂಪು. ಪ್ರತಿ ಗುಂಪಿಗೆ ಹತ್ತು ಪಟ್ಟಿನ ಭೂತಗನ್ನಡಿ, ಅಳತೆ ಪಟ್ಟಿ, ಕಬ್ಬಿಣದ ಮೊಳೆ, ಡ್ರಾಪರ್ ಇರುವ ಸಣ್ಣ ಬಾಟಲಿಯಲ್ಲಿ 50 ಮಿ.ಲೀ. ವಿನೆಗರ್, ಒಂದು ಲೀಟರಿನ ಮೂರು ಖಾಲಿ ಬಾಟಲಿ, ಮಾರ್ಕರ್, ಬಟ್ಟೆ ಚೀಲ. ಸುತ್ತಿಗೆ ಶಿಕ್ಷಕರ ಕೈಯಲ್ಲಿ ಮಾತ್ರ, ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡೇ ಹೊಡೆಯಬೇಕು. ಸುಣ್ಣಕಲ್ಲಿನ ಚಕ್ಕೆ ಬ್ಲೇಡಿನಂತೆ ಹಾರುತ್ತದೆ. ತಲೆಗೆ ಮೂರು ಲೀಟರ್ ಕುಡಿಯುವ ನೀರು, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಸಾರು, ಮೊಸರು ಬಿಸಿಲಿಗೆ ಕೆಡುತ್ತವೆ.

ಮೊದಲು ಗಣಿಗೆ ಹೋಗಬೇಡಿ, ಪಾಲಿಶ್ ಅಂಗಳಕ್ಕೆ ಹೋಗಿ. ಗಣಿಯಲ್ಲಿ ಧೂಳು ಹಿಡಿದ ಗೋಡೆ ಕಾಣುತ್ತದೆ, ಅಂಗಳದಲ್ಲಿ ಗರಗಸ ಕೊಯ್ದ ಒದ್ದೆ ಅಂಚು ಕಾಣುತ್ತದೆ. ಆ ಅಂಚಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಗೆರೆಗಳಿರುತ್ತವೆ. ಹತ್ತು ಸೆಂಟಿಮೀಟರಿನಲ್ಲಿ ಎಷ್ಟು ಗೆರೆ ಎಂದು ಮೂವರು ಬೇರೆಬೇರೆಯಾಗಿ ಎಣಿಸಲಿ. ಮೂರು ಲೆಕ್ಕ ಒಂದಾಗುವುದಿಲ್ಲ, ಆ ವ್ಯತ್ಯಾಸವನ್ನೂ ಬರೆಯಿಸಿ. ಒಂದು ಗೆರೆ ಒಂದು ವರ್ಷ ಎಂದು ಬರೆಯುವುದು ಸಾಮಾನ್ಯ ತಪ್ಪು. ಅದು ಮರದ ಉಂಗುರವಲ್ಲ. ಒಂದು ಬಿರುಗಾಳಿ ಒಂದೇ ದಿನದಲ್ಲಿ ಒಂದು ಪದರ ಹಾಸಬಲ್ಲದು, ನಂತರ ಎಷ್ಟೋ ವರ್ಷ ಏನೂ ಬೀಳದೆಯೂ ಇರಬಹುದು.

ಕೆಲವು ಕಲ್ಲುಗಳಲ್ಲಿ ಗರಗಸದ ಹಲ್ಲಿನಂತಹ ಕಪ್ಪು ಗೆರೆ ಸಿಗುತ್ತದೆ. ಇದು ಸ್ಟೈಲೊಲೈಟ್. ಮೇಲಿನ ಭಾರಕ್ಕೆ ಸುಣ್ಣ ಕರಗಿ ಹೋಗಿ, ಕರಗದ ಜೇಡಿ ಮಾತ್ರ ಗೆರೆಯಾಗಿ ಉಳಿದ ಜಾಗ. ಪದರ ಬಿಡಿಸಿದ ಮೈಮೇಲೆ ಜರೀಗಿಡದಂತಹ ಕಪ್ಪು ಚಿತ್ತಾರ ಕಂಡರೆ ಹುಡುಗರು ಪಳೆಯುಳಿಕೆ ಸಿಕ್ಕಿತೆಂದು ಕುಣಿಯುತ್ತಾರೆ. ಅದು ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್ ಖನಿಜ. ಶಂಖ, ಚಿಪ್ಪು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಈ ಕಡಲಿದ್ದಾಗ ಚಿಪ್ಪು ಕಟ್ಟುವ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ. ಇದೇ ಜಲಾನಯನದ ಶೇಲ್‌ನಲ್ಲಿ ಚುವಾರಿಯಾ ಎಂಬ ಪುಟ್ಟ ದುಂಡನೆಯ ಇಂಗಾಲದ ಅಚ್ಚುಗಳು ವರದಿಯಾಗಿವೆ, ಜೀವದ ಗುರುತು ಅಷ್ಟು ಸಣ್ಣದು. ಚಿಪ್ಪಿಲ್ಲದ ಕಡಲು ಎಂಬುದೇ ಒಳ್ಳೆಯ ಪ್ರಾಜೆಕ್ಟಿನ ವಿಷಯ. ಕಾರವಾರದ ದಡದಲ್ಲಿ ಇಂಥದ್ದನ್ನು ಯಾರೂ ಕೇಳುವುದಿಲ್ಲ.

ವಿನೆಗರ್ ಪರೀಕ್ಷೆಯಲ್ಲಿ ಅರ್ಧ ಗುಂಪುಗಳು ‘ಗುಳ್ಳೆ ಬರಲಿಲ್ಲ’ ಎನ್ನುತ್ತವೆ. ವಿನೆಗರ್ ದುರ್ಬಲ ಆಮ್ಲ. ಮೊಳೆಯಿಂದ ಗೀರಿ ಪುಡಿ ಎಬ್ಬಿಸಿ, ಅದರ ಮೇಲೆ ಮೂರು ಹನಿ ಬಿಟ್ಟು, ಭೂತಗನ್ನಡಿಯಲ್ಲಿ ಒಂದು ನಿಮಿಷ ನೋಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಕರಿಕಲ್ಲಿನ ಚೂರಿನ ಮೇಲೂ ಹಾಕಿ ಹೋಲಿಸಿ. ಅಲ್ಲೂ ಗುಳ್ಳೆ ಬಂದರೆ ಮೇಲೆ ಬಿಳಿ ಪೊರೆಯಿದೆಯೇ ನೋಡಿ, ಹೊಸದಾಗಿ ಒಡೆದ ಮೈಯನ್ನು ಪರೀಕ್ಷಿಸಿ. ಎರೆಹೊಲದ ಬಿಳಿ ಸುಣ್ಣದ ಹರಳುಗಳೂ ನೊರೆಗರೆಯುತ್ತವೆ. ಅವು ಮಣ್ಣಿನಲ್ಲೇ ಕಟ್ಟಿದವು, ಕಡಲಿನವಲ್ಲ.

ಕಲ್ಲಿನಲ್ಲಿ ಸುಣ್ಣವೆಷ್ಟು, ಹೊಳೆ ತಂದ ಜೇಡಿಯೆಷ್ಟು ಎಂಬುದನ್ನು ಶಾಲೆಗೆ ಬಂದ ಮೇಲೆ ತೂಗಿ ತಿಳಿಯಬಹುದು. 10 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು 90 ಮಿ.ಲೀ. ನೀರಿಗೆ ಹಾಕುವ ಲೆಕ್ಕದಲ್ಲಿ ಶಿಕ್ಷಕರೇ ದ್ರಾವಣ ಮಾಡಲಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದೂ ಹಾಕಬಾರದು. ಇದರ 120 ಮಿ.ಲೀ. ಇರುವ ಫ್ಲಾಸ್ಕನ್ನು 5 ಗ್ರಾಂ ಕಲ್ಲಿನ ಪುಡಿಯ ಜೊತೆ ತೂಗಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ನಿಂತ ಮೇಲೆ ಮತ್ತೆ ತೂಗಿ. ಶುದ್ಧ ಸುಣ್ಣಕಲ್ಲಾದರೆ ಅನಿಲ ಹೊರಹೋಗಿ 2.2 ಗ್ರಾಂ ಕಡಿಮೆಯಾಗಬೇಕು. 1.8 ಗ್ರಾಂ ಕಡಿಮೆಯಾದರೆ ಪುಡಿಯಲ್ಲಿ ಶುದ್ಧ ಸುಣ್ಣಕಲ್ಲಿನ ಪಾಲು ಸುಮಾರು ಶೇಕಡಾ 82. ಪುಡಿಯನ್ನು ಒಮ್ಮೆಗೇ ಸುರಿದರೆ ಹನಿಗಳು ಹೊರಸಿಡಿದು ಲೆಕ್ಕ ಹೆಚ್ಚು ಬರುತ್ತದೆ. ಅನಿಲ ಸ್ವಲ್ಪ ನೀರಿನಲ್ಲೇ ಕರಗಿ ಉಳಿದರೆ ಕಡಿಮೆ ಬರುತ್ತದೆ, ಅದಕ್ಕೆ ಫ್ಲಾಸ್ಕನ್ನು ಮೆಲ್ಲಗೆ ಅಲುಗಿಸುತ್ತಿರಿ. ತಳದಲ್ಲಿ ಉಳಿಯುವ ರಾಡಿಯಲ್ಲಿ ಬಹುಪಾಲು ಜೇಡಿ.

ಗಣಿಯ ಬಗ್ಗೆ ಒಂದೇ ಮಾತು. ಕೆಲಸ ನಿಂತ ಗಣಿಗಳಲ್ಲಿ ಹಸಿರು ನೀರು ನಿಂತಿರುತ್ತದೆ, ಅಂಚು ನೆಟ್ಟಗೆ ಇಳಿಯುತ್ತದೆ, ಆಳ ಕಾಣುವುದಿಲ್ಲ. ಮೇಲಿನಿಂದ, ಹತ್ತು ಹೆಜ್ಜೆ ದೂರದಿಂದ ನೋಡಿದರೆ ಸಾಕು. ಪದರಗಳು ಬಹುಮಟ್ಟಿಗೆ ಮಟ್ಟಸವಾಗಿವೆ ಎಂಬುದೊಂದನ್ನೇ ಅಲ್ಲಿ ನೋಡಬೇಕಿರುವುದು, ಅದು ದೂರದಿಂದಲೇ ಚೆನ್ನಾಗಿ ಕಾಣುತ್ತದೆ.

ಮಧ್ಯಾಹ್ನದ ಊಟಕ್ಕೆ ಕಾಗಿಣಾ ಹೊಳೆಯ ದಂಡೆ. ಇಲ್ಲಿನ ನೀರು ಭೀಮೆ ಸೇರಿ, ಭೀಮೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ ಸೇರಿ, ಆಂಧ್ರದ ಹಂಸಲದೀವಿ ಬಳಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಳೆಯ ಕಡಲಿನ ಸುಣ್ಣ ಕರಗಿ ಈಗಿನ ಕಡಲಿಗೆ ಹೊರಟಿದೆ ಎಂದಾಯಿತು. ಎರಡು ಬಾಟಲಿ ಹೊಳೆನೀರು ಮತ್ತು ಸ್ವಲ್ಪ ಎರೆಮಣ್ಣು ತುಂಬಿಕೊಳ್ಳಿ. ದಂಡೆಯಿಂದಲೇ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಎತ್ತಬೇಕು, ಯಾರೂ ನೀರಿಗಿಳಿಯಬಾರದು.

ಆ ಮಣ್ಣಿನಿಂದ ನದಿಮುಖದಲ್ಲಿ ಏನಾಗುತ್ತದೆ ಎಂಬುದನ್ನು ನೋಡಬಹುದು. ಒಂದೊಂದು ಲೀಟರ್ ಮಳೆನೀರು ಅಥವಾ ಆರ್‌ಒ ನೀರಿನ ಎರಡು ಬಾಟಲಿಗೂ 20 ಗ್ರಾಂ ಎರೆಮಣ್ಣು, ಒಂದಕ್ಕೆ ಮಾತ್ರ 35 ಗ್ರಾಂ ಕಲ್ಲುಪ್ಪು. ಸಮುದ್ರದ ಉಪ್ಪು ಸರಾಸರಿ ಲೀಟರಿಗೆ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಒಂದು ನಿಮಿಷ ಅಲ್ಲಾಡಿಸಿ ಇಡಿ. ಉಪ್ಪಿಲ್ಲದ್ದು ದಿನಗಟ್ಟಲೆ ರಾಡಿಯಾಗಿರುತ್ತದೆ, ಉಪ್ಪಿನದು ಕೆಲವೇ ಗಂಟೆಗಳಲ್ಲಿ ತಿಳಿಯಾಗುತ್ತದೆ. ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುವ ವಿದ್ಯುದಾವೇಶವನ್ನು ಉಪ್ಪು ಅಡಗಿಸುತ್ತದೆ, ಕಣಗಳು ಗಂಟುಕಟ್ಟಿ ಕೆಳಗೆ ಬೀಳುತ್ತವೆ. ನದಿ ತಂದ ಜೇಡಿ ಸಮುದ್ರ ಮುಟ್ಟುತ್ತಲೇ ತಳಕ್ಕಿಳಿಯಲು ಇದೂ ಒಂದು ಕಾರಣ. ಬೋರ್‌ವೆಲ್ ನೀರು ಬಳಸಿದರೆ ಈ ಪ್ರಯೋಗ ಕೆಡುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಇದೇ ಕೆಲಸ ಮಾಡಿ ಎರಡೂ ಬಾಟಲಿ ತಿಳಿಯಾಗುತ್ತವೆ. ಮಳೆನೀರು ಅಥವಾ ಆರ್‌ಒ ನೀರಿನಲ್ಲಿ ಮಾಡಿ, ಹೊಳೆನೀರಿನಲ್ಲಿ ಏನಾಯಿತೆಂದು ಪ್ರತ್ಯೇಕವಾಗಿ ಬರೆಯಿಸಿ.

ಉಪ್ಪುನೀರಿನ ಸಾಂದ್ರತೆ ತೋರಿಸಲು ಮೊಟ್ಟೆ ತೇಲಿಸುವ ಹಳೆಯ ಪ್ರಯೋಗ ಬಿಟ್ಟುಬಿಡಿ. ತಾಜಾ ಮೊಟ್ಟೆ ಸಮುದ್ರದ ನೀರಿನಲ್ಲಿ ಮುಳುಗುತ್ತದೆ, ತೇಲಬೇಕಾದರೆ ಲೀಟರಿಗೆ ನೂರು ಗ್ರಾಂ ದಾಟಿಸಿ ಉಪ್ಪು ಹಾಕಬೇಕು. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟೇ ಸಾಂದ್ರ. ಬರೀ ಸ್ಟ್ರಾಗೆ ಜೇಡಿ ಮೆತ್ತಿ ಮಾಡಿದ ತೇಲುಮಾಪಕ ಹತ್ತು ಸೆಂಟಿಮೀಟರ್ ಮುಳುಗಿದರೆ ಉಪ್ಪುನೀರಿನಲ್ಲಿ ಏರುವುದು ಎರಡೂವರೆ ಮಿಲಿಮೀಟರ್, ಅದು ಕಣ್ಣಿಗೆ ದಕ್ಕುವುದಿಲ್ಲ. ಬದಲಿಗೆ ಹೋಮಿಯೋಪಥಿ ಮಾತ್ರೆಯ ಗಾಜಿನ ಸೀಸೆಯ ಬಿರಡೆಗೆ 6 ಮಿ.ಮೀ. ದಪ್ಪದ ಸ್ಟ್ರಾ ಚುಚ್ಚಿ, ಮೇಣ ಹಚ್ಚಿ, ಸೀಸೆಯಲ್ಲಿ ಮರಳು ತುಂಬಿ, ಸ್ಟ್ರಾದ ಅರ್ಧಕ್ಕೆ ನೀರು ಬರುವಂತೆ ತೇಲಿಸಿ. ಮುಳುಗಿದ ಭಾಗ ಒಟ್ಟು 15 ಮಿ.ಲೀ. ಇದ್ದರೆ ಉಪ್ಪುನೀರಿನಲ್ಲಿ ಅದು ಸುಮಾರು 13 ಮಿ.ಮೀ. ಮೇಲೇಳುತ್ತದೆ. ನೆರಳಿನಲ್ಲೇ ಅಳೆಯಿರಿ. 20 ಡಿಗ್ರಿಯ ನೀರು ನಮ್ಮ ಬಿಸಿಲಿಗೆ 40 ಡಿಗ್ರಿಗೆ ಕಾದರೆ ಉಪ್ಪಿನ ಪರಿಣಾಮದ ಕಾಲುಭಾಗದಷ್ಟು ತಪ್ಪು ಅಲ್ಲೇ ನುಸುಳುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತಂದವರು 35 ಗ್ರಾಂ ದ್ರಾವಣವನ್ನು ಹತ್ತು ಪಟ್ಟು ತೆಳುಗೊಳಿಸಿ ಅಳೆಯಲಿ, ನೇರವಾಗಿ ಅದ್ದಿದರೆ ಅಗ್ಗದ ಮೀಟರುಗಳ ಮಿತಿ ದಾಟುತ್ತದೆ.

ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುವ ಕಡೆ ಹತ್ತು ನಿಮಿಷ ಬಸ್ ನಿಲ್ಲಿಸಿ. 100 ಗ್ರಾಂ ಸುಣ್ಣಕಲ್ಲು ಸುಟ್ಟರೆ 56 ಗ್ರಾಂ ಸುಣ್ಣ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ಹಳೆಯ ಕಡಲು ಕಲ್ಲಿನಲ್ಲಿ ಬಚ್ಚಿಟ್ಟಿದ್ದ ಅನಿಲ ಗಾಳಿಗೆ ಸೇರುತ್ತದೆ. ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಈಗಿನ ಸಾಗರಗಳು ಹೀರುತ್ತವೆ. ಅವುಗಳ ಪಿಎಚ್ (ಆಮ್ಲ–ಕ್ಷಾರದ ಅಳತೆ, ಇಳಿದಷ್ಟೂ ಆಮ್ಲದ ಕಡೆಗೆ) ಕೈಗಾರಿಕೆಗಿಂತ ಮುಂಚೆ ಸುಮಾರು 8.2 ಇತ್ತು, ಈಗ 8.1ರ ಆಸುಪಾಸಿಗೆ ಇಳಿದಿದೆ. ಆ ನೀರಿನಲ್ಲಿ ಚಿಪ್ಪು ಕಟ್ಟುವುದು ಜೀವಿಗಳಿಗೆ ಕಷ್ಟ.

ಇದನ್ನು ತೋರಿಸಲು ಒಂದು ಚಮಚ ಎಲೆಯಡಿಕೆಯ ಸುಣ್ಣವನ್ನು ಒಂದು ಲೀಟರ್ ಆರ್‌ಒ ನೀರಿಗೆ ಕಲಸಿ, ಮುಚ್ಚಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಸಿಯಿರಿ. ಒಂದು ಪಾಲು ತಿಳಿಗೆ ನಾಲ್ಕು ಪಾಲು ನೀರು ಸೇರಿಸಿ. ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದಾಗ ಬರುವ ಅನಿಲವನ್ನು ಕೊಳವೆಯಲ್ಲಿ ಹಾಯಿಸಿದರೆ ಮೊದಲು ಹಾಲಿನಂತಾಗುತ್ತದೆ, ಹಾಯಿಸುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ. ಮೊದಲನೆಯದು ಕಲ್ಲು ಹುಟ್ಟಿದ್ದು, ಎರಡನೆಯದು ಕರಗಿದ್ದು. ತೆಳುಗೊಳಿಸದಿದ್ದರೆ ಎಷ್ಟು ಹೊತ್ತಾದರೂ ಪೂರ್ತಿ ತಿಳಿಯಾಗುವುದಿಲ್ಲ, ಕರಗುವ ಮಿತಿಗಿಂತ ಸುಣ್ಣ ಹೆಚ್ಚಿರುತ್ತದೆ. ನಡುವೆ ಒಂದು ಖಾಲಿ ಬಾಟಲಿ ಜೋಡಿಸಿ. ವಿನೆಗರ್ ನೊರೆ ಉಕ್ಕಿ ಸುಣ್ಣದ ನೀರಿಗೆ ಬಿದ್ದರೂ ತಿಳಿಯಾಗುತ್ತದೆ, ಆಗ ಪ್ರಯೋಗ ಗೆದ್ದಂತೆ ಕಂಡು ಸೋತಿರುತ್ತದೆ.

ಮೂರು ಗಂಟೆಯೊಳಗೆ ವಾಡಿ ಮುಗಿದಿದ್ದರೆ ಮಾತ್ರ ಸನ್ನತಿ ಕಡೆ ತಿರುಗಿ. ಅಲ್ಲಿನ ಕನಗನಹಳ್ಳಿ ಸ್ತೂಪದ ಶಿಲ್ಪಫಲಕಗಳೂ ಸುಣ್ಣಕಲ್ಲಿನವೇ. ‘ರಾಯೊ ಅಸೋಕೊ’ ಎಂದು ಬರೆದಿರುವ ಅಶೋಕನ ಫಲಕ ಸಿಕ್ಕಿದ್ದು ಅಲ್ಲೇ. ಬಸ್ಸಿನಿಂದ ಇಳಿಯುವ ಮೊದಲು ಮೊಳೆ, ವಿನೆಗರ್ ಬಾಟಲಿಗಳನ್ನೆಲ್ಲ ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಿರಿ. ಅಂಗಳದಲ್ಲಿ ಪರೀಕ್ಷೆ ಕಲಿತ ಕೈ ಇಲ್ಲೂ ತುರಿಸುತ್ತದೆ.

ಕಲ್ಲಿನ ಚೂರುಗಳಿಗೆ ಹೆಸರು, ಜಾಗ, ಮೇಲ್ಮುಖ ಯಾವುದು ಎಂಬ ಬಾಣದ ಗುರುತು, ಇಷ್ಟನ್ನು ಎತ್ತಿಕೊಂಡ ಜಾಗದಲ್ಲೇ ಬರೆಯಬೇಕು. ಬಸ್ಸಿನಲ್ಲಿ ಬರೆಯೋಣ ಎಂದು ಬಿಟ್ಟ ಚೀಲದಲ್ಲಿ ಕಲಬುರಗಿ ತಲುಪುವ ಹೊತ್ತಿಗೆ ಹತ್ತು ಬೂದು ಚೂರುಗಳಿರುತ್ತವೆ, ಯಾವುದು ಎಲ್ಲಿಯದೆಂದು ಹೇಳುವವರು ಯಾರೂ ಇರುವುದಿಲ್ಲ.