ದಾಳಿಂಬೆ ಕಡ್ಡಿ: ಚಿಗುರು ನಂಬಬೇಡಿ, ಬೇರು ನೋಡಿ

ಸಸಿ ಮಾಡಲು ಊರಿದ ದಾಳಿಂಬೆ ಕಡ್ಡಿ ಚಿಗುರಿದ ಮಾತ್ರಕ್ಕೆ ಬೇರು ಬಿಟ್ಟಿದೆ ಎಂದುಕೊಳ್ಳಬೇಡಿ. ಕಡ್ಡಿಯಲ್ಲಿ ಉಳಿದಿರುವ ಆಹಾರದಿಂದಲೇ ಎರಡು-ಮೂರು ವಾರದಲ್ಲಿ ಎಲೆ ಒಡೆಯುತ್ತವೆ. ಬೇರು ಹಿಡಿಯಲು ಒಂದೂವರೆ-ಎರಡು ತಿಂಗಳು ಬೇಕು. ನಮ್ಮ ಬಾಗಲಕೋಟೆ, ವಿಜಯಪುರದ ಒಣ ಹವೆಯಲ್ಲಿ ಕಡ್ಡಿಗಳು ಸಾಯುವುದು ಬಹುತೇಕ ಈ ನಡುವಿನ ದಿನಗಳಲ್ಲೇ. ಹಸಿರು ಕಂಡ ಕೂಡಲೇ ಬಿಸಿಲಿಗಿಡುತ್ತಾರೆ. ಎಲೆಗೆ ನೀರೆತ್ತಿ ಕೊಡಲು ಕೆಳಗೆ ಬೇರೇ ಇರುವುದಿಲ್ಲ.

ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಕಡ್ಡಿ ಊರಿ. ಬಿಸಿಲು 40 ಡಿಗ್ರಿ ಮುಟ್ಟುವಷ್ಟರಲ್ಲಿ ಬೇರು ಬಂದಿರುತ್ತದೆ, ಮೃಗಶಿರಾ ಮಳೆಗೆ ಸಸಿ ನೆಲಕ್ಕಿಳಿಸಬಹುದು.

ಎಲ್ಲಕ್ಕಿಂತ ಮುಖ್ಯ ತಾಯಿಗಿಡ. ದುಂಡಾಣು ಅಂಗಮಾರಿ ರೋಗ ಕಡ್ಡಿಯ ಜೊತೆಗೇ ಮನೆಗೆ ಬರುತ್ತದೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ ಅಂಚು, ಗೆಣ್ಣಿನಲ್ಲಿ ಕಪ್ಪು ಕಲೆ, ಸೀಳಿದ ಕಾಯಿ: ಇವುಗಳಲ್ಲಿ ಒಂದು ಕಂಡರೂ ಆ ಗಿಡದ ಕಡ್ಡಿ ಬೇಡ, ಎಷ್ಟೇ ಒಳ್ಳೆಯ ಭಗವಾ ತಳಿಯಾದರೂ ಬೇಡ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಿಂದ ಒರೆಸಿ.

ಒಂದು ವರ್ಷದ, ಪೆನ್ಸಿಲ್ ದಪ್ಪದ, ಬೂದು ತೊಗಟೆಯ ಟೊಂಗೆ ಆರಿಸಿ. ಉಗುರಿನಿಂದ ಕೆರೆದರೆ ಒಳಗೆ ಹಸಿರಿರಬೇಕು. 20ರಿಂದ 25 ಸೆಂಟಿಮೀಟರ್ ಉದ್ದದ ತುಂಡು ಮಾಡಿ. ಬುಡವನ್ನು ಗೆಣ್ಣಿನ ಕೆಳಗೇ ನೇರವಾಗಿ, ತುದಿಯನ್ನು ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಮೇಲೆ-ಕೆಳಗೆ ಗೊಂದಲವಾಗುವುದಿಲ್ಲ. ತಲೆಕೆಳಗಾಗಿ ಊರಿದ ಕಡ್ಡಿ ಉಳಿಯುವುದು ಅಪರೂಪ. ಎಲೆ, ಮುಳ್ಳು ತೆಗೆದು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ರೋಗನಾಶಕ ಬೆರೆಸಿ ಹತ್ತು ನಿಮಿಷ ಅದ್ದಿ, ನೆರಳಲ್ಲಿ ಆರಿಸಿ. ನಂತರ ಬುಡಕ್ಕೆ ಐಬಿಎ (ಬೇರು ಬರಿಸುವ ಹಾರ್ಮೋನು) ಪುಡಿ ಹಚ್ಚಿ. ದ್ರಾವಣವೇ ಬೇಕೆಂದರೆ 200 ಮಿಲಿಗ್ರಾಂ ಐಬಿಎಯನ್ನು 50 ಮಿಲಿ ಸ್ಪಿರಿಟ್‌ನಲ್ಲಿ ಕರಗಿಸಿ, ನೀರು ಸೇರಿಸಿ 100 ಮಿಲಿ ಮಾಡಿಕೊಳ್ಳಿ; ಬರೀ ನೀರಿನಲ್ಲಿ ಅದು ಕರಗುವುದಿಲ್ಲ. ಬುಡವನ್ನು ಐದಾರು ಸೆಕೆಂಡ್ ಅದ್ದಿದರೆ ಸಾಕು.

ಮಣ್ಣಿನ ವಿಷಯದಲ್ಲಿ ರಾಜಿ ಬೇಡ. ಎರಿ (ಕಪ್ಪು) ಮಣ್ಣು ಹಸಿಯಿದ್ದಾಗ ಗಾಳಿಯಾಡದೆ ಬುಡ ಕೊಳೆಸುತ್ತದೆ, ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಎರಡು ಪಾಲು ದಪ್ಪ ಉಸುಕು, ಒಂದು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಎರೆಗೊಬ್ಬರ ಸೇರಿಸಿ, ತೂತಿರುವ ಚೀಲಕ್ಕೆ ತುಂಬಿ. ಕನಿಷ್ಠ ಎರಡು ಗೆಣ್ಣು ಒಳಗಿರುವಂತೆ ಮೂರರಲ್ಲಿ ಎರಡು ಭಾಗ ಊರಿ, ಸುತ್ತ ಬೆರಳಿನಿಂದ ಒತ್ತಿ. ಬೋರಿನ ಸವಳು ನೀರಿನಿಂದ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ. ಸಿಹಿನೀರನ್ನೇ ಹಾಕಿ, ಅದೂ ಮೇಲ್ಮಣ್ಣು ಆರತೊಡಗಿದಾಗ ಮಾತ್ರ.

ಅರ್ಧ ನೆರಳಿನಲ್ಲಿಡಿ. ಬೇರು ಬಂತೇ ಎಂದು ಕಡ್ಡಿ ಕಿತ್ತು ನೋಡಬೇಡಿ, ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕುವವರೆಗೆ ಕಾಯಿರಿ. ಆಮೇಲೆ ಎರಡು ವಾರ ಬೆಳಗಿನ ಬಿಸಿಲಿಗೆ ಒಗ್ಗಿಸಿ.

ಅಂಜೂರಕ್ಕೂ ಇದೇ ಕ್ರಮ, ಇನ್ನೂ ಸುಲಭ. ಕತ್ತರಿಸಿದಾಗ ಬರುವ ಹಾಲು ತೊಳೆದರಾಯಿತು. ದ್ರಾಕ್ಷಿಗೆ ಅಕ್ಟೋಬರ್ ಚಾಟನಿಯಲ್ಲಿ (ಬಳ್ಳಿ ಸವರುವಾಗ) ಬಿದ್ದ ಕಡ್ಡಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ತೋಟಗಳಲ್ಲಿ ಕೇಳಿದರೆ ಸಿಗುತ್ತದೆ. ತೋಟದವರು ಸವಳು ತಾಳಲೆಂದು ಡಾಗ್‌ರಿಡ್ಜ್ ಎಂಬ ಬೇರುತಳಿಯ ಮೇಲೆ ಕಸಿ ಕಟ್ಟುತ್ತಾರೆ. ಸಿಹಿನೀರಿರುವ ಮನೆಯ ಚಪ್ಪರಕ್ಕೆ ಸ್ವಂತ ಬೇರಿನ ಬಳ್ಳಿಯೇ ನಡೆಯುತ್ತದೆ. ಪೇರಲದ ಕಡ್ಡಿ ಬೇರು ಬಿಡುವುದು ಕಷ್ಟ, ಅದಕ್ಕೆ ಗೂಟಿ ಕಟ್ಟಿ (ಗಿಡದಲ್ಲಿರುವಾಗಲೇ ಟೊಂಗೆಗೆ ಬೇರು ಬರಿಸುವ ಕ್ರಮ). ಮಾವಿಗೆ ಕಸಿಯೇ ಸರಿ.