ಆನೆ ಕಾಸು

ಬೆಳಿಗ್ಗೆ ರಾಗಿ ಹೊಲ ಉಳುವಾಗ ನೇಗಿಲ ಸಾಲಿನಲ್ಲಿ ಒಂದು ತಾಮ್ರದ ಕಾಸು ಸಿಕ್ಕಿತು.

ಮೊದಲು ಅಂಗಿಯ ಗುಂಡಿ ಎಂದುಕೊಂಡೆ. ಹೆಬ್ಬೆರಳಿನಿಂದ ಮಣ್ಣು ಸರಿಸಿದರೆ ಆನೆ! ಸೊಂಡಿಲು ಇಳಿಬಿಟ್ಟು ನಿಂತ ಪುಟ್ಟ ಆನೆ. ಹಿಂಬದಿಯಲ್ಲಿ ಅರ್ಧ ಸವೆದ ಪರ್ಷಿಯನ್ ಅಕ್ಷರಗಳು. ಟಿಪ್ಪುವಿನ ಕಾಲದ್ದು. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ. ಇದು ಅದಕ್ಕೂ ಹಿಂದಿನದು.

ಅಮ್ಮ ಹುಣಸೆಹಣ್ಣು ಹಿಡಿದು ಬಂದರು, ತಳತಳ ಹೊಳೆಯುವಂತೆ ಉಜ್ಜಿಕೊಡುತ್ತೇನೆ ಎಂದು. ಕೈ ಹಿಡಿದು ತಡೆದೆ. ಆ ಹಸಿರು ಕಿಲುಬೇ ಅದರ ವಯಸ್ಸು. ಉಜ್ಜಿದರೆ ಉಳಿದ ಅಕ್ಷರಗಳೂ ಹೋಗುತ್ತವೆ.

ಅಕ್ಕನ ಮಗ ಆಗಲೇ ಮೊಬೈಲಿನಲ್ಲಿ ಮೆಟಲ್ ಡಿಟೆಕ್ಟರ್ ಬೆಲೆ ನೋಡುತ್ತಿದ್ದ. “ಮಾವ, ಇಡೀ ಹೊಲ ಜಾಲಾಡೋಣ!”

ಬೇಡ ಎಂದೆ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನುತ್ತದೆ ಕಾನೂನು. ನಾಳೆ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸುತ್ತೇನೆ. ಸಿಕ್ಕ ಜಾಗದಲ್ಲಿ ಗೂಟ ಹೊಡೆದು ಬಂದಿದ್ದೇನೆ.

ಯಾರ ಸೆರಗಿನ ಗಂಟಿನಿಂದ ಜಾರಿತೋ? ಉಪ್ಪು ತರಲು ಹೊರಟಿದ್ದರೋ, ಸಂತೆಯಿಂದ ಮರಳುತ್ತಿದ್ದರೋ? ಗಂಟು ಬಿಚ್ಚಿ ನೋಡಿದಾಗ ಎಷ್ಟು ಪೇಚಾಡಿದರೋ, ಪಾಪ. ಬಂದ ದಾರಿಯಲ್ಲೇ ಮರಳಿ, ಬಗ್ಗಿ ಬಗ್ಗಿ ಹುಡುಕಿರಬೇಕು.