‘ಗಂಡ ಇನ್ನೂ ಕರೆಸಿಕೊಂಡಿಲ್ವಾ?’

ಇಲ್ಲ. ಕರೆಸಿಕೊಂಡಿಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಹಾಲಿನ ಡೇರಿ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲ ಕಡೆ ಇದೇ ಪ್ರಶ್ನೆ. ಮೊನ್ನೆ ಹಲ್ಲಿನ ಡಾಕ್ಟರು ಹುಳುಕು ಕೆರೆಯುತ್ತಾ ಕೇಳಿದರು. ಬಾಯಿ ತುಂಬ ಹತ್ತಿ ಇದ್ದದ್ದರಿಂದ ಉತ್ತರ ಕೊಡುವುದು ತಪ್ಪಿತು. ಎಲ್ಲ ಸಲವೂ ಬಾಯಲ್ಲಿ ಹತ್ತಿ ಇರುವುದಿಲ್ಲವಲ್ಲ, ಅದಕ್ಕೇ ಒಂದೇ ಸಲ ಬರೆದು ಇಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ: ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಗಂಡ ಜರ್ಮನಿಯವನು. ಲೈಪ್‌ಜಿಗ್‌ನಲ್ಲಿದ್ದಾನೆ. ಮದುವೆಯಾಗಿ ಒಂದೂವರೆ ವರ್ಷ. ಸಾಫ್ಟ್‌ವೇರ್ ಅಲ್ಲ, ಬಡಗಿ. ಹೌದು, ಮರಗೆಲಸದ ಬಡಗಿ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ನೋಡಲು ಬಂದಿದ್ದ. ಅಲ್ಲಿಂದ ಮುಂದೆ ಏನಾಯಿತು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಮೊದಲು ಆ ಕ್ರಿಯಾಪದದ ವಿಚಾರಣೆ ಆಗಲಿ. ಕರೆ, ಕರೆಸು, ಕರೆಸಿಕೊಳ್ಳು. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ‘ಗಂಡನು ಹೆಂಡತಿಯನ್ನು ಕರೆಸಿಕೊಂಡನು.’ ಕರ್ತೃ ಯಾರು? ಗಂಡ. ಕರ್ಮ ಯಾರು? ನಾನು. ನನ್ನ ಕರ್ಮ! ಕೇಳುವವರ ಲೆಕ್ಕದಲ್ಲಿ ಅವನು ಅಲ್ಲಿಂದ ಒಂದು ಕೂಗು ಹಾಕಿದರೆ ನಾನು ಇಲ್ಲಿಂದ ಗಂಟುಮೂಟೆ ಕಟ್ಟಿಕೊಂಡು ಹೊರಡುವುದೊಂದೇ ಬಾಕಿ. ಅವನು ಕೂಗಿಲ್ಲ. ಯಾಕೆ ಕೂಗಿಲ್ಲ? ಅಲ್ಲೇ ಏನೋ ಇದೆ.

ಆ ‘ಏನೋ’ ಏನು ಅಂತ ಕಳೆದ ವೈಶಾಖದಲ್ಲಿ ಶಿವಮೊಗ್ಗದ ಒಂದು ಮದುವೆಯಲ್ಲಿ ಗೊತ್ತಾಯಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ದೊಡ್ಡಮ್ಮನ ನಾದಿನಿ. ಕೋಸಂಬರಿ ಬಡಿಸುವಾಗ ಶುರು ಮಾಡಿದರು.

“ಏನೇ, ನಿಮ್ಮನೆಯವರು ಇನ್ನೂ ಕರೆಸ್ಕೊಂಡಿಲ್ವಾ?”

“ಇಲ್ಲ ಅತ್ತೆ, ವೀಸಾ ಆಗ್ಬೇಕು.”

“ನಮ್ಮ ಅಣ್ಣನ ಮಗಳಿಗೆ ಮದುವೆಯಾದ ವರ್ಷವೇ ಆಯ್ತಲ್ಲ. ಅವಳ ಗಂಡನೂ ಜರ್ಮನೀಲೇ. ಮ್ಯೂನಿಕ್ ಅಂತೆ. ನಿನ್ನ ಗಂಡ ಅಲ್ಲಿಯವನೇ ಅಲ್ವಾ? ನಿಂಗೆ ಇನ್ನೂ ಬೇಗ ಆಗ್ಬೇಕಿತ್ತು.”

ನಾನು ಸಾರಿಗೆ ಅನ್ನದಲ್ಲಿ ಗುಂಡಿ ಮಾಡುತ್ತಾ ಕೂತೆ. ಅವರು ಈ ಕಡೆ ವಾಲಿದರು. ದನಿ ಸಣ್ಣದಾಯಿತು.

“ಪೇಪರ್ ಎಲ್ಲ ಸರಿ ಇದೆ ತಾನೆ? ಅಲ್ಲಿ ಇನ್ನೊಬ್ಬಳು ಗಿನ್ನೊಬ್ಬಳು...”

ಅಷ್ಟರಲ್ಲಿ ಹೋಳಿಗೆ ಬಂತು. ನಾನು ಬಡಿಸುವವನಿಗೆ ಇನ್ನೊಂದು ಹಾಕಿ ಅಂದೆ. ತುಪ್ಪದವನನ್ನು ಕೂಗಿ ಕರೆದೆ. ಎರಡು ಹೋಳಿಗೆ ನನಗೆ ಜಾಸ್ತಿ. ಆದರೂ ಕೊನೆಯ ತುಣುಕಿನವರೆಗೂ ತಿಂದೆ, ಬಾಯಿ ಖಾಲಿಯಾದರೆ ಏನು ಅಂದುಬಿಡುತ್ತೇನೋ ಅಂತ ಭಯ.

ಅವತ್ತು ಎಲೆಯ ಮುಂದೆ ನುಂಗಿಕೊಂಡಿದ್ದನ್ನು ಈಗ ಹೇಳುತ್ತೇನೆ. ಅತ್ತೆ, ನಿಮ್ಮ ಅಣ್ಣನ ಮಗಳ ಗಂಡನಿಗೆ ಬ್ಲೂ ಕಾರ್ಡ್ ಇದೆ. ದೊಡ್ಡ ಓದು ಓದಿ ಒಳ್ಳೆ ಸಂಬಳಕ್ಕೆ ಹೋದವರಿಗೆ ಕೊಡುವ ಪರವಾನಗಿ ಅದು. ಬ್ಲೂ ಕಾರ್ಡ್‌ನವರ ಹೆಂಡತಿಗೆ ವೀಸಾಕ್ಕೆ ಜರ್ಮನ್ ಭಾಷೆ ಬರಬೇಕಾಗಿಲ್ಲ. ಜರ್ಮನಿಯಲ್ಲಿ ನೆಲೆಸಿರುವ ಅಮೆರಿಕದವನನ್ನೋ ಜಪಾನಿನವನನ್ನೋ ನಾನು ಮದುವೆಯಾಗಿದ್ದರೂ ಬರಬೇಕಾಗಿರಲಿಲ್ಲ. ಫ್ರಾನ್ಸಿನವನಾಗಿದ್ದರೂ ಅಷ್ಟೇ. ನಾನು ಜರ್ಮನಿಯಲ್ಲಿರುವ ಜರ್ಮನಿಯವನನ್ನೇ ಮದುವೆಯಾದೆ ನೋಡಿ, ನನಗೆ ಪರೀಕ್ಷೆ. ಎ-1 ಅಂತಾರೆ, ಭಾಷೆಯ ಮೊದಲ ಮೆಟ್ಟಿಲು. ಪಾಸಾದ ಸರ್ಟಿಫಿಕೇಟ್ ಇಟ್ಟರೆ ಮಾತ್ರ ಅರ್ಜಿ ಮುಂದೆ ಹೋಗುವುದು.

ಇದು ತಮಾಷೆಯಲ್ಲ, ಕಾನೂನು. 2007ರಲ್ಲಿ ಬಂತು. ಹೊಸ ದೇಶಕ್ಕೆ ಹೊಂದಿಕೊಳ್ಳಲು ಅನುಕೂಲ ಆಗಲಿ, ಬಲವಂತದ ಮದುವೆ ನಿಲ್ಲಲಿ ಅಂತ ಕಾರಣ ಕೊಟ್ಟರು. ಬಲವಂತದ ಮದುವೆ! ನಮ್ಮ ಮನೆಯಲ್ಲಿ ಎರಡು ವರ್ಷ ಜಗಳ ಆಡಿ, ಅಪ್ಪನ ಹತ್ತಿರ ಎಂಟು ತಿಂಗಳು ಮಾತು ಬಿಟ್ಟು ಮಾಡಿಕೊಂಡ ಮದುವೆ ಇದು. ಬಲವಂತ ಆಗಿದ್ದರೆ ಅದು ನನ್ನಿಂದ ಅಪ್ಪನಿಗೆ.

ಸರಿ, ಪರೀಕ್ಷೆ. ನಾನು ಹನ್ನೊಂದು ವರ್ಷದಿಂದ ಬೇರೆಯವರಿಗೆ ಮಾರ್ಕ್ಸ್ ಹಾಕುತ್ತಾ ಬಂದವಳು. ಹಾಲ್ ಟಿಕೆಟ್ ಮರೆತು ಬಂದವರನ್ನು ಬೈದವಳು. ಅಂಥವಳು ರಾತ್ರಿ ಬಸ್ಸಿನಲ್ಲಿ ಕೂತು, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪೆನ್ನು ಹಿಡಿದು ಕೂತೆ. ನೂರಕ್ಕೆ ಅರವತ್ತು ಬಂದರೆ ಪಾಸು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕು ಭಾಗ.

ಮೊದಲ ಸಲ 57 ಬಂತು. ಹೌದು, ಫೇಲ್. ಇದನ್ನು ಇಲ್ಲಿಯವರೆಗೆ ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ‘ಡೇಟ್ ಸಿಕ್ಕಿಲ್ಲ’ ಅಂತ ಸುಳ್ಳು ಹೇಳಿಕೊಂಡು ತಿರುಗಿದೆ.

ಕೆಡಿಸಿದ್ದು ಅಂಕಿಗಳು. ಜರ್ಮನ್‌ನಲ್ಲಿ ಮೂವತ್ತೆರಡನ್ನು ‘ಎರಡು ಮತ್ತು ಮೂವತ್ತು’ ಅಂತಾರೆ. ಧ್ವನಿವರ್ಧಕದಲ್ಲಿ ಹೆಂಗಸೊಬ್ಬಳು ಫೋನ್ ನಂಬರ್ ಹೇಳುತ್ತಿದ್ದಾಳೆ. ನಾನು ಎರಡು ಕೇಳಿದ ಕೂಡಲೇ 2 ಬರೆದೆ, ಮೂವತ್ತು ಕೇಳಿ ಪಕ್ಕದಲ್ಲಿ 3 ಬರೆದೆ. ಆಯ್ತಲ್ಲ, 23. ಇಡೀ ನಂಬರು ಹೀಗೆ ತಲೆಕೆಳಗಾಯಿತು.

ಬರೆಯುವ ಭಾಗದಲ್ಲಿ ಒಂದು ಫಾರಂ ತುಂಬಬೇಕು, ಆಮೇಲೆ ಸುಮಾರು ಮೂವತ್ತು ಪದಗಳ ಪುಟ್ಟ ಪತ್ರ. ಫಾರಂ ಅಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ವೀಸಾ ಫಾರಂ ಇರಲಿ, ಯಾವುದೇ ಇರಲಿ, ಮೊದಲು ಕೇಳುವುದೇ ಮನೆತನದ ಹೆಸರು. ನನಗೆ ಇರುವುದು ಎರಡು ಇನಿಷಿಯಲ್. ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟ್ ಮಾಡಿಸುವಾಗ ಅವನ್ನು ಬಿಡಿಸಿ ಬರೆದರು. ಈಗ ಜರ್ಮನಿಯ ಕಾಗದಪತ್ರಗಳಲ್ಲಿ ನಾನು ‘ಶ್ರೀಮತಿ ನಮ್ಮೂರು’.

ಎರಡನೇ ಸಲ ಹೋದಾಗ ಮಾತಾಡುವ ಪರೀಕ್ಷೆಗೆ ನಾವು ನಾಲ್ವರು ಹೆಂಗಸರು ಒಂದು ಮೇಜಿನ ಸುತ್ತ. ಹೊರಗೆ ಕಾಯುವಾಗಲೇ ಪರಿಚಯ ಆಗಿತ್ತು. ನಾಲ್ವರದ್ದೂ ಒಂದೇ ಕಥೆ, ಗಂಡ ಅಲ್ಲಿ. ಮಂಡ್ಯದ ಹುಡುಗಿಗೆ ಮದುವೆಯಾಗಿ ಹದಿನೆಂಟನೇ ದಿನಕ್ಕೆ ಗಂಡ ವಿಮಾನ ಹತ್ತಿದ್ದ. ಅವಳ ಕೈಯ ಮೆಹಂದಿ ಹೋಗಿ ಎಷ್ಟೋ ತಿಂಗಳಾಗಿತ್ತು. ಮೇಜಿನ ಮೇಲೆ ಒಂದು ಚೀಟಿ: ಹೆಸರು? ವಯಸ್ಸು? ದೇಶ? ಊರು? ಭಾಷೆ? ಉದ್ಯೋಗ? ಹವ್ಯಾಸ? ಇಷ್ಟನ್ನು ಹೇಳಿ ಪರಿಚಯ ಮಾಡಿಕೊಳ್ಳಬೇಕು. ನಾಲ್ವರೂ ಬಂದಿದ್ದು ಗಂಡನ ಸಲುವಾಗಿ, ಚೀಟಿಯಲ್ಲಿ ಅವನ ಸುದ್ದಿಯೇ ಇಲ್ಲ. ನನಗೆ ಅದು ಹಿಡಿಸಿತು. ಊರಿನಲ್ಲಿ ಯಾರೂ ಕೇಳದ ಏಳು ಪ್ರಶ್ನೆ. ನನ್ನ ಭಾಷೆ ಕನ್ನಡ, ನನ್ನ ಉದ್ಯೋಗ ಟೀಚರ್ ಅಂತ ಜೋರಾಗಿಯೇ ಹೇಳಿದೆ. ಪಾಸಾದೆ. ಎಷ್ಟು ಅಂತ ಕೇಳಬೇಡಿ, ಪಾಸು.

ಪರೀಕ್ಷೆ ಒಂದೇ ಅಲ್ಲ. ಮದುವೆಗೆ ಮುಂಚೆಯೇ ಒಂದು ಸುತ್ತು ಆಗಿತ್ತು. ಅವನಿಗೆ ಇನ್ನೊಂದು ದೇಶದಲ್ಲಿ ಮದುವೆಯಾಗಲು ಅಡ್ಡಿಯಿಲ್ಲ ಅಂತ ಅವನ ಊರಿನ ಕಚೇರಿ ಸರ್ಟಿಫಿಕೇಟ್ ಕೊಡಬೇಕು. ಜರ್ಮನ್‌ನಲ್ಲಿ ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮುಹೂರ್ತ ಮೀರುತ್ತದೆ. ಆ ಸರ್ಟಿಫಿಕೇಟಿಗೆ ನನ್ನ ಕಾಗದಗಳೂ ಬೇಕು, ಅವು ಅಸಲಿಯೋ ಅಂತ ಇಲ್ಲಿ ಬಂದು ನೋಡಬೇಕು, ಆ ಖರ್ಚು ನಮ್ಮದೇ. ಒಂದು ಮಧ್ಯಾಹ್ನ ಫೈಲು ಹಿಡಿದುಕೊಂಡು ಒಬ್ಬರು ಬಂದರು. ನಾನು ಶಾಲೆಯಲ್ಲಿದ್ದೆ. ಪಕ್ಕದ ಮನೆ ಅಕ್ಕನನ್ನು ಕೇಳಿದರಂತೆ, ಈ ಹುಡುಗಿಗೆ ಮೊದಲೇ ಮದುವೆ ಆಗಿತ್ತಾ ಅಂತ.

“ಮದುವೆಯಾ? ನೋಡೋಕೆ ಬಂದ ಗಂಡುಗಳನ್ನೆಲ್ಲ ಓಡಿಸಿ ಕೂತಿದ್ದಾಳೆ ಮಾರಾಯ್ರೆ” ಅಂದಳಂತೆ ಅಕ್ಕ. ಅವರು ಅದನ್ನೂ ಬರೆದುಕೊಂಡರಂತೆ. ಜರ್ಮನಿಯ ಯಾವುದೋ ಕಪಾಟಿನಲ್ಲಿ ಆ ವಾಕ್ಯ ಅನುವಾದವಾಗಿ ಕೂತಿದೆ. ಅದನ್ನು ಓದುವ ಆಸೆ ನನಗೆ ಬಹಳ ಇದೆ.

ಆ ಸರ್ಟಿಫಿಕೇಟಿಗೆ ಆಯಸ್ಸು ಆರೇ ತಿಂಗಳು. ಅಷ್ಟರೊಳಗೆ ಅವನು ರಜೆ ಹಾಕಿ ಬರಬೇಕು. ಇಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸ್ ಕೊಟ್ಟು ಮೂವತ್ತು ದಿನ ಕಾಯಬೇಕು. ಆ ನೋಟಿಸನ್ನು ನೋಂದಣಿ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಯಾರು ಬೇಕಾದರೂ ಓದಬಹುದು, ಆಕ್ಷೇಪಣೆ ಹಾಕಬಹುದು. ಜಮೀನು ರಿಜಿಸ್ಟ್ರಿಗೆ ಬಂದವರೆಲ್ಲ ನಮ್ಮ ಹೆಸರು ಓದಿಕೊಂಡು ಹೋದರು. ಮೂವತ್ತು ದಿನ ಆದಮೇಲೆ ಮೂರು ಸಾಕ್ಷಿ, ಸಹಿ, ಆಚೆ ಬಂದು ಕಬ್ಬಿನ ಹಾಲು.

ಈಗ ನಿಮ್ಮ ಸಲಹೆಗಳಿಗೆ ಬರೋಣ. ‘ಸುಮ್ನೆ ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡು, ಅಲ್ಲಿ ಹೋದಮೇಲೆ ನೋಡ್ಕೊಂಡ್ರಾಯ್ತು.’ ಯುರೋಪಿನ ಬಹುತೇಕ ದೇಶಗಳಿಗೆ ಸಲ್ಲುವ ಆ ಟೂರಿಸ್ಟ್ ವೀಸಾಕ್ಕೆ ಷೆಂಗೆನ್ ವೀಸಾ ಅಂತಾರೆ, ಅದರಲ್ಲಿ 180 ದಿನಕ್ಕೆ 90 ದಿನ ಇರಬಹುದು. ಆದರೆ ಅದನ್ನು ಕೊಡಬೇಕಾದರೆ ನಾನು ವಾಪಸ್ ಬಂದೇ ಬರುತ್ತೇನೆ ಅಂತ ಅವರಿಗೆ ನಂಬಿಕೆ ಬರಬೇಕು. ಗಂಡ ಅಲ್ಲೇ ಇರುವವಳು ವಾಪಸ್ ಬರುತ್ತಾಳೆ ಅಂತ ಯಾರು ನಂಬುತ್ತಾರೆ? ನಾನೂ ಅರ್ಜಿ ಹಾಕಿ ನೋಡಿದೆ. ವಾಪಸ್ ಬಂದ ಹಾಳೆಯಲ್ಲಿ ಸಾಲಾಗಿ ಚೌಕಗಳು. ‘ಅವಧಿ ಮುಗಿಯುವ ಮೊದಲು ದೇಶ ಬಿಡುವ ಉದ್ದೇಶದ ಬಗ್ಗೆ ಅನುಮಾನ’ ಅನ್ನುವ ಚೌಕಕ್ಕೆ ಗುರುತು. ನೋಡಿ, ದೊಡ್ಡಮ್ಮನ ನಾದಿನಿಗೆ ನಾನು ಹೋಗುವುದೇ ಇಲ್ಲ ಅಂತ ಅನುಮಾನ. ಇವರಿಗೆ ಹೋದರೆ ಬರುವುದೇ ಇಲ್ಲ ಅಂತ ಅನುಮಾನ.

ಇನ್ನೊಂದು ಸಲಹೆ: ‘ಅವನೇ ಇಲ್ಲಿಗೆ ಬರ್ಲಿ ಬಿಡು.’ ಇದನ್ನು ಹೇಳುವವರು ನಮ್ಮ ದೇಶದ ಬಾಗಿಲು ಸದಾ ತೆರೆದಿದೆ ಅಂದುಕೊಂಡಿದ್ದಾರೆ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಒಂದು ಎಂಟ್ರಿ ವೀಸಾ ಇದೆ. ಬಂದು ಇರಬಹುದು, ಆದರೆ ಆ ವೀಸಾದ ಮೇಲೆ ಕೆಲಸ ಮಾಡುವ ಹಾಗಿಲ್ಲ. ಉಳಿ ಹಿಡಿಯದೆ ಅವನಿಗೆ ಭಾನುವಾರ ಕಳೆಯುವುದೇ ಕಷ್ಟ. ಇಲ್ಲಿದ್ದು ಕೆಲಸ ಮಾಡಲೂ ಬಿಡುವ ಓಸಿಐ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಮದುವೆ ನೋಂದಣಿಯಾಗಿ, ಮುರಿಯದೆ ಎರಡು ವರ್ಷ ಆಗಿರಬೇಕು. ಎರಡು ಸರ್ಕಾರಗಳೂ ಸೇರಿಕೊಂಡು ಮದುವೆ ಗಟ್ಟಿ ಇದೆಯಾ ಅಂತ ನೋಡುತ್ತಿವೆ, ಗಂಡ ಹೆಂಡತಿಯನ್ನು ಬೇರೆ ಬೇರೆ ಊರಿನಲ್ಲಿಟ್ಟು.

ನನ್ನ ಪುಣ್ಯಕ್ಕೆ ದುಡ್ಡಿನ ಲೆಕ್ಕ ಕಡಿಮೆ. ಜರ್ಮನಿಯ ಪ್ರಜೆಯ ಹೆಂಡತಿಗೆ ಸಾಮಾನ್ಯವಾಗಿ ಗಂಡನ ಸಂಬಳದ ಮಿತಿ ಅಡ್ಡ ಬರುವುದಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಸಂಗಾತಿಯನ್ನು ಕರೆತರಲು ವರ್ಷಕ್ಕೆ 18,600 ಪೌಂಡ್ ಆದಾಯ ಸಾಕಿತ್ತು. 2024ರ ಏಪ್ರಿಲ್‌ನಲ್ಲಿ ಅದನ್ನು 29,000ಕ್ಕೆ ಏರಿಸಿದರು. ಬಡಗಿಯನ್ನು ಮದುವೆಯಾಗುವವರು ದೇಶ ನೋಡಿ ಆಗಬೇಕು.

ನನ್ನ ಅರ್ಜಿ ಈಗ ಬೆಂಗಳೂರು ದಾಟಿದೆ. ಅವನ ಊರಿನ ವಿದೇಶೀಯರ ಕಚೇರಿ ಹೂಂ ಅನ್ನಬೇಕು. ಎಷ್ಟು ದಿನ ಅಂತ ಅವರು ಹೇಳಿಲ್ಲ. ನೀವು ಕೇಳಿದರೂ ನಾನು ಹೇಳುವುದಿಲ್ಲ.

ಇಷ್ಟೆಲ್ಲ ಕೇಳಿದ್ದೀರಲ್ಲ, ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅವನಿಗೆ ಕನ್ನಡ ಎಷ್ಟು ಬರುತ್ತೆ?

ನಾನು ಜರ್ಮನ್ ಕಲಿತೆ ಅಂದರೆ ‘ಕಲೀಲೇಬೇಕಲ್ಲ’ ಅಂತೀರಿ. ಅವನನ್ನು ಕನ್ನಡ ಕಲಿ ಅಂತ ಯಾವ ದೇಶವೂ ಹೇಳಿಲ್ಲ. ಸಾಗರಕ್ಕೆ ಬಂದಾಗ ನೀವೆಲ್ಲ ಅವನ ಹತ್ತಿರ ಹರುಕುಮುರುಕು ಇಂಗ್ಲಿಷ್ ಮಾತಾಡಿ ಕಳಿಸಿದಿರಿ. ಅವನೇ ಶುರು ಮಾಡಿಕೊಂಡಿದ್ದು. ನಾನು 57 ತಂದು ಅತ್ತ ದಿನ, ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಪರೀಕ್ಷೆ ಇಡು” ಅಂದ.

ಇಟ್ಟೆ. ಅದೇ ಮಾದರಿ, ಅದೇ ಏಳು ಪ್ರಶ್ನೆಯ ಚೀಟಿ, ಅರವತ್ತಕ್ಕೆ ಪಾಸು. ಹೋದ ಭಾನುವಾರ ವಿಡಿಯೋ ಕಾಲ್‌ನಲ್ಲಿ ಪರೀಕ್ಷೆ ನಡೆಯಿತು. ನಮ್ಮ ಮಕ್ಕಳ ಹಾಗೆಯೇ ಹಾಳೆಯ ಎಡಕ್ಕೆ ಗೆರೆ ಹೊಡೆದು ಅಂಚು ಬಿಟ್ಟಿದ್ದ. ಬಡಗಿಯ ಗೆರೆ, ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ಕಿವಿಯ ಮೇಲೆ ಪೆನ್ಸಿಲ್. ‘ಳ’ ಬಂದಲ್ಲೆಲ್ಲ ನಾಲಿಗೆ ತುದಿ ಆಚೆ ಬರುತ್ತಿತ್ತು, ಬರೆಯುವಾಗಲೂ.

ಪತ್ರ ಹೀಗಿದೆ:

“ಪ್ರಿಯ ಟೀಚರ್, ನಾನು ಶನಿವಾರ ನಿಮ್ಮ ಮನೆಗೆ ಬರುತ್ತಾನೆ. ಸಾಗರದಲ್ಲಿ ಮಳೆ ಇದೆಯಾ? ನಾನು ಕೊಡೆ ತರುತ್ತಾನೆ. ನನಗೆ ಹಲಸಿನ ಹಪ್ಪಳ ಬೇಕು. ನಿಮ್ಮ ಅಮ್ಮ ಚೆನ್ನಾಗಿದೆಯಾ? ನಮ್ಮ ಮೇಜು ಮುಗಿಯಿತು. ಎರಡು ಕುರ್ಚಿ ಮುಗಿಯಿತು. ಒಂದು ಕುರ್ಚಿ ಖಾಲಿ. ಇಂತಿ ನಿಮ್ಮ ವಿಧೇಯ ಗಂಡ.”

‘ನಾನು ಬರುತ್ತಾನೆ’, ‘ನಾನು ತರುತ್ತಾನೆ’, ಎರಡು ಕಡೆ ಮಾರ್ಕ್ಸ್ ಕಟ್. ‘ಅಮ್ಮ ಚೆನ್ನಾಗಿದೆಯಾ’ ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಅತ್ತೆಯನ್ನು ನಪುಂಸಕಲಿಂಗ ಮಾಡಿದ್ದಾನೆ. ಇದಕ್ಕೆ ಅವನು ವಾದಕ್ಕೆ ನಿಂತ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಹುಡುಗಿ ನಪುಂಸಕಲಿಂಗ, ನೀನು ಅದನ್ನು ಬಾಯಿಪಾಠ ಮಾಡಲಿಲ್ಲವಾ ಅಂದ. ಮಾಡಿದ್ದೆ. ಆದರೂ ಕಟ್.

ಕೂಡಿಸಿದೆ. 58.

ಇನ್ನೊಮ್ಮೆ ಕೂಡಿಸಿದೆ. ಅಷ್ಟೇ.

“ಗ್ರೇಸ್ ಮಾರ್ಕ್ಸ್?” ಅಂದ. ಆ ಪದವನ್ನು ನಾನೇ ಯಾವಾಗಲೋ ಹೇಳಿಕೊಟ್ಟಿದ್ದೆ.

ನನಗೆ ಯಾರೂ ಕೊಟ್ಟಿರಲಿಲ್ಲ. ನಾನೂ ಕೊಡಲಿಲ್ಲ.

ಮರುಪರೀಕ್ಷೆ ಈ ಭಾನುವಾರ. ಅವನಿಗೆ ಮಧ್ಯಾಹ್ನ ಹನ್ನೆರಡು, ನಮಗೆ ಮೂರೂವರೆ. ಆ ಹೊತ್ತಿನಲ್ಲಿ ದಯವಿಟ್ಟು ಯಾರೂ ಫೋನ್ ಮಾಡಬೇಡಿ.